ಕಸದ ಗುಂಡಿಯ ಗುತ್ತಿಗೆ

ಶಿಷ್ಯ ಕೇಳಿದ: "ಗುರುಗಳೇ, ಒಡಹುಟ್ಟಿದ ತಮ್ಮನ ಮೇಲೆ ಕಳ್ಳತನದ ಅಪವಾದ ಹೊರಿಸಿದ್ದೆ. ಅದು ಸುಳ್ಳೆಂದು ತಿಳಿದ ಮೇಲೆ ಊರವರ ಎದುರೇ ತಪ್ಪಾಯಿತು ಅಂದೆ. ವರ್ಷ ಕಳೆಯಿತು. ಅವನು ಇನ್ನೂ ನನ್ನ ಪಕ್ಕ ಊಟಕ್ಕೆ ಕೂರುವುದಿಲ್ಲ. ನಾನು ಮಾಡಬೇಕಾದದ್ದು ಮುಗಿಯಿತಲ್ಲವೇ?"

ಗುರುಗಳು ಕತೆ ಹೇಳಿದರು.

ಒಂದೂರಲ್ಲಿ ಕುರಿ ಸಾಕುವ ಹೆಂಗಸೊಬ್ಬಳಿದ್ದಳು. ಅವಳಿಗಿದ್ದ ನೆಲವೆಂದರೆ ಕಲ್ಲು ತೆಗೆದು ಬಿಟ್ಟ ಒಂದು ಗುಂಡಿ. ಆನೆ ಇಳಿದರೂ ಕಾಣದಷ್ಟು ಆಳ. ಪಟ್ಟಣದ ಕಸ ಸಾಗಿಸುವ ಸಾಹುಕಾರ ಬಂದು ಅದನ್ನು ಹತ್ತು ವರ್ಷಕ್ಕೆ ಗುತ್ತಿಗೆ ಕೇಳಿದ. ಗುಂಡಿ ತುಂಬಿದರೆ ಕುರಿದೊಡ್ಡಿ ಕಟ್ಟಲು ಜಾಗವಾಯಿತಲ್ಲ ಎಂದು ಅವಳು ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು.

ಹತ್ತು ವರ್ಷ ಅವನು ಕಸ ಸುರಿದ. ಕೊನೆಗೆ ಕೆಂಪು ಮಣ್ಣು ಹಾಸಿ, ರೋಲರ್ ಹೊಡೆಸಿ, ಕಣದ ಹಾಗೆ ನುಣ್ಣಗೆ ಮಾಡಿ ಒಪ್ಪಿಸಿದ. ಅವಳು ಕಣ್ತುಂಬ ನೋಡಿದಳು. ಕೈಯಲ್ಲಿದ್ದುದನ್ನೆಲ್ಲ ಸುರಿದು ದೊಡ್ಡಿ ಕಟ್ಟಿದಳು.

ಮಳೆ ಬಿತ್ತು. ಒಳಗಿನ ಕಸ ಕೊಳೆತು ಇಳಿಯಿತು. ಮೇಲಿನ ನೆಲ ಮೊಣಕಾಲುದ್ದ ಕುಸಿದು, ದೊಡ್ಡಿಯ ಗೋಡೆ ಮಲಗಿತು. ಎರಡು ಮರಿ ಅದರಡಿ ಸತ್ತವು.

ಅವಳು ಅಳುತ್ತ ಕೂರಲಿಲ್ಲ. ಇಡೀ ಹಿಂಡನ್ನು ಹೊಡೆದುಕೊಂಡು ಹೋಗಿ ಸಾಹುಕಾರನ ಅಂಗಳಕ್ಕೆ ನುಗ್ಗಿಸಿದಳು.

"ಏನಮ್ಮ ಇದು?"

"ನನ್ನ ಕುರಿಗೆ ನಿಲ್ಲಲು ನೆಲವಿಲ್ಲ ಸಾಹುಕಾರ್ರೇ. ನಿಮ್ಮ ಅಂಗಳ ಗಟ್ಟಿಯಾಗಿದೆ."

ಅವನು ಪತ್ರ ತಂದು ಬಿಡಿಸಿದ. "ಕೇಳು. ಗುತ್ತಿಗೆ ಮುಗಿದ ದಿನ ನೆಲ ಸಮ ಮಾಡಿ ಒಪ್ಪಿಸತಕ್ಕದ್ದು ಅಂತಿದೆ. ಒಪ್ಪಿಸಿದ್ದೇನೆ. ಆಮೇಲೆ ಆದದ್ದು ಮಳೆಯ ಕೆಲಸ."

"ಪಕ್ಕದ ಹೊಲಕ್ಕೂ ಅದೇ ಮಳೆ ಬಿತ್ತಲ್ಲ, ಅದೇಕೆ ಕುಸಿಯಲಿಲ್ಲ? ನೀವೇನೋ ಜಾಗ ಖಾಲಿ ಮಾಡಿದಿರಿ. ನಿಮ್ಮ ಕಸ ಎಲ್ಲಿ ಖಾಲಿ ಮಾಡಿದೆ? ಅದು ಅಲ್ಲೇ ಬೀಡುಬಿಟ್ಟಿರುವಾಗ ಗುತ್ತಿಗೆ ಮುಗಿಯಿತು ಅಂದವರು ಯಾರು?"

ಸಾಹುಕಾರ ನಕ್ಕು ಒಳಗೆ ಹೋದ. ಅವಳು ಅಲುಗಲಿಲ್ಲ. ಮೂರನೆಯ ದಿನಕ್ಕೆ ಕುರಿಗಳು ಅಂಗಳದ ಮಲ್ಲಿಗೆ ಬಳ್ಳಿ ಮುಗಿಸಿ ಜಗಲಿ ಹತ್ತಿದವು. ಅವನು ಪತ್ರವನ್ನು ಇನ್ನೊಮ್ಮೆ ಓದಿದ. ಓದಿ, ಮಣ್ಣಿನ ಲಾರಿ ಕಳಿಸಿದ. ಬಿದ್ದ ಗೋಡೆಯನ್ನೂ ಕಟ್ಟಿಸಿದ.

ಮರುವರ್ಷ ನೆಲ ಮತ್ತೆ ಗೇಣುದ್ದ ಇಳಿಯಿತು. ಅವಳು ಮತ್ತೆ ಹಿಂಡಿನೊಂದಿಗೆ ಹೋದಳು. ಈ ಸಲ ಅವನು ಪತ್ರ ತೆಗೆಯಲಿಲ್ಲ, ಲಾರಿಯನ್ನೇ ಹೊರಡಿಸಿದ. ಅದರಾಚೆಯ ವರ್ಷವೂ ಹಾಗೆಯೇ ಆಯಿತು.

ಶಿಷ್ಯ ತಡೆಯಲಾರದೆ ನಡುವೆ ಕೇಳಿದ: "ಹೀಗೆ ಅವನು ಎಷ್ಟು ವರ್ಷ ಮಣ್ಣು ಹಾಕಬೇಕು ಗುರುಗಳೇ?"

ಗುರುಗಳೆಂದರು: "ತಾನು ಸುರಿದದ್ದು ಕೊಳೆತು ಮುಗಿಯುವ ತನಕ."