ಹಾಲೇಶ ಬಿಗಿ ಇಳಿಸಿದ್ದು

ಕೇಳಿ, ಈ ಪೆದ್ದ ಬೇರೆ ಯಾರೂ ಅಲ್ಲ, ನಾನೇ. ಹೆಸರು ಹಾಲೇಶ. ಪಾಲಿಟೆಕ್ನಿಕ್‌ನ ರೋಬೋಟ್ ತಂಡಕ್ಕೆ ಸೇರ್ತೀನಿ ಅಂದಾಗ ನಮ್ಮವ್ವ ಕೊಟ್ರಮ್ಮ ಹಣೆ ಹಣೆ ಬಡ್ಕೊಂಡ್ಲು.

"ಅಯ್ಯೋ! ಹಾಲು ಉಕ್ಕಿದ್ರೆ ಕೂಗು ಅಂದ್ರೆ, ಒಲೆ ಆರಿಸದೆ ಬರೀ ಕೂಗ್ತಾ ನಿಂತವನು ನೀನು! ಅಲ್ಲಿ ಸ್ವಂತ ಬುದ್ಧಿ ಓಡಿಸಬೇಡ. ಹೇಳಿದಷ್ಟೇ ಮಾಡು!"

ಮಾಡ್ದೆ. ಹೇಳಿದಷ್ಟೇ ಮಾಡ್ದೆ.

ನಮ್ಮ ರೋಬೋಟಿಗೆ ಒಂದೇ ತೋಳು. ತೋಳಿಗೆ ದಪ್ಪ ಸ್ಪ್ರಿಂಗು. ಎಳೆದು ಕೊಂಡಿಗೆ ಸಿಕ್ಕಿಸಬೇಕು. ಕೊಂಡಿ ಬಿಟ್ಟರೆ ಫಟಾರ್ ಅಂತ ಚೆಂಡು ಎಸೀತಿತ್ತು. ತಂಡದ ಮುಂದಾಳು ಫಿರ್ದೋಸ್ ಮೊದಲ ದಿನವೇ ಹೇಳಿದ್ಲು: "ಲೋ ಹಾಲೇಶ, ಸ್ಪ್ರಿಂಗ್ ಎಳೆದಿರುವಾಗ ತೋಳಿನ ಮುಂದೆ ಮುಖ ತರಬೇಡ!"

ತರಲಿಲ್ಲ. ಬೆನ್ನು ತಿರುಗಿಸಿ, ಬಗ್ಗಿ, ಕೆಳಗೆ ಬಿದ್ದ ನಟ್ಟು ಹುಡುಕಿದೆ. ಕೊಂಡಿ ಜಾರ್ತು. ಫಟಾರ್! ಮೂರು ದಿನ ನಿಂತೇ ಪಾಠ ಕೇಳಿದೆ.

"ಥೂ ಪೆದ್ದ!" ಫಿರ್ದೋಸ್ ಬೈದ್ಲು. "ಮುಖ ಮಾತ್ರವೇನೋ, ಇಡೀ ಮೈ ದೂರ ಇರಬೇಕು! ಇನ್ಮೇಲೆ ಪಿನ್ ಹಾಕದೆ ಹತ್ರ ಬರಬೇಡ!"

ಪಿನ್ನಾ? ಅಷ್ಟೇ ತಾನೆ! ಅವ್ವನ ಬಳೆಗೆ ನೇತಾಡ್ತಿದ್ದ ಪಿನ್ನು ಬಿಚ್ಚಿ ತಂದೆ. ನನ್ನ ಅಂಗಿಗೆ ಹಾಕ್ಕೊಂಡೆ. ಹತ್ರ ಹೋದೆ. ಫಟಾರ್! ಬೆರಳು ಊದಿ ಬದನೆಕಾಯಿ ಆಯ್ತು.

ಬೆರಳಿಗೆ ಐಸ್ ಇಡ್ತಾ ಫಿರ್ದೋಸ್ ಅತ್ತೇಬಿಟ್ಲು. "ಕಣ್ಣಿಗೆ ಬಡಿದಿದ್ರೆ ನಿಮ್ಮವ್ವನಿಗೆ ನಾನೇನು ಹೇಳಲೋ? ನೋಡು, ಇದು ಕಬ್ಬಿಣದ ಪಿನ್ನು. ಇದನ್ನ ಈ ತೂತಿಗೆ ತೂರಿಸಬೇಕು. ಆಗ ಕೊಂಡಿ ಜಾರಿದ್ರೂ ತೋಳು ಅಲ್ಲಾಡಲ್ಲ. ಆಟ ಮುಗಿದ ಮೇಲೂ ಅಷ್ಟೆ. ಪಿನ್ ಹಾಕು, ಬಿಗಿ ಇಳಿಸು, ಆಮೇಲೆ ಎತ್ತು!"

ಅವಳು ಅತ್ತಿದ್ದು ನನಗೆ ನಾಟ್ತು. ಸ್ಪರ್ಧೆಗೆ ಹೋಗೋ ಬಸ್ಸಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡ್ದೆ: ಪಿನ್ ಹಾಕು, ಬಿಗಿ ಇಳಿಸು, ಎತ್ತು.

ಸ್ಪರ್ಧೇಲಿ ಅವ್ವ ನೋಡೋರ ಮುಂದಿನ ಸಾಲಲ್ಲಿ ಕೂತಿದ್ಲು. ಒಂಬತ್ತು ಚೆಂಡು ಎಸೆದ್ವಿ, ಒಂಬತ್ತೂ ಬುಟ್ಟಿಗೆ! ಹತ್ತನೇದಕ್ಕೆ ಸ್ಪ್ರಿಂಗ್ ಎಳೆದಾಗಿತ್ತು, ಅಷ್ಟರಲ್ಲಿ ಆಟ ಮುಗಿದ ಗಂಟೆ ಹೊಡೀತು. ಓಡಿದೆ. ಪಿನ್ ಹಾಕಿದೆ, ಸರಿಯಾಗಿ ತೂತಿಗೇ! ಫಿರ್ದೋಸ್ ಮುಖ ಅರಳ್ತು.

ಇನ್ನು ಬಿಗಿ ಇಳಿಸಬೇಕು. ಬೆಳಿಗ್ಗೆಯಿಂದ ಬಿಗಿಯಾಗಿದ್ದದ್ದು ನನ್ನ ಬೆಲ್ಟು. ಇಳಿಸಿದೆ. ಎರಡೂ ಕೈಯಲ್ಲಿ ರೋಬೋಟ್ ಎತ್ತಿದೆ. ಪ್ಯಾಂಟು ಕಾಲಬುಡಕ್ಕೆ ಬಿತ್ತು.

"ಅಯ್ಯೋ, ಎತ್ತೋ!" ಅವ್ವ ಚೀರಿದ್ಲು.

ರೋಬೋಟನ್ನ ಎದೆತನಕ ಎತ್ತಿದೆ.

"ಲೇ ಪೆದ್ದ, ಮೇಲಕ್ಕೆ ಎತ್ತೋ!"

ತಲೆ ಮೇಲಕ್ಕೆ ಎತ್ತಿ ಹಿಡಿದೆ. ಪೇಪರಿನವರು ಫೋಟೋ ತೆಗೆದ್ರು. ನಾನು ನಕ್ಕೆ.