ಬಿಲ್ಲೆ ಒದಗಿಸಿದವನು

"ಬುದ್ಧಿ, ಕೆಲಸ ಆದರೆ ಸಾಲದೇ? ಮಾಡಿದವನ ಹೆಸರು ಯಾರಿಗೂ ತಿಳಿಯದಿದ್ದರೆ ಏನು ನಷ್ಟ?" ಎಂದು ಶಿಷ್ಯ ಕೇಳಿದ.

"ಮಾತೇನೋ ಕೇಳಲು ಬಲು ಸೊಗಸಾಗಿದೆ, ಮರಿ. ಹಾಗೆಯೇ ಅಂದುಕೊಂಡಿದ್ದವನೊಬ್ಬನ ಕತೆ ಹೇಳುತ್ತೇನೆ, ಕುಳಿತುಕೋ" ಎಂದು ಗುರುಗಳು ಶುರುಮಾಡಿದರು.

ಹಿಮ ಬೀಳುವ ದೇಶವೊಂದಿದೆ. ಅಲ್ಲಿ ಮಂಜುಗಡ್ಡೆಯ ಮೇಲೆ ಹಾಕಿಯಾಟ ಆಡುತ್ತಾರೆ. ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು ಜಾರುತ್ತ, ಚೆಂಡಿನ ಬದಲು ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆಯುತ್ತಾರೆ. ಆಡುವವರಿಗೆ ಅದೇ ಹೊಟ್ಟೆಪಾಡು.

ಒಂದು ತಂಡದಲ್ಲಿ ಇಬ್ಬರು ಗೆಳೆಯರಿದ್ದರು. ಒಬ್ಬ ಗೋಲು ಹೊಡೆಯುವವನು. ಇನ್ನೊಬ್ಬ ಅವನಿಗೆ ಬಿಲ್ಲೆ ಒದಗಿಸುವವನು. ಒದಗಿಸುವವನ ವಿದ್ಯೆ ವಿಚಿತ್ರವಾದದ್ದು. ಎಡಕ್ಕೆ ನೋಡುತ್ತ ಬಲಕ್ಕೆ ಬಿಲ್ಲೆ ಕಳಿಸುತ್ತಿದ್ದ. ಎದುರಾಳಿಗಳು ಎಡಕ್ಕೆ ನುಗ್ಗುವಷ್ಟರಲ್ಲಿ ಬಿಲ್ಲೆ ಗೆಳೆಯನ ಕೋಲಿಗೆ ಮುಟ್ಟಿರುತ್ತಿತ್ತು. ಎದುರಾಳಿಗಳು ಮೋಸಹೋದಂತೆ ನೋಡುವವರೂ ಮೋಸಹೋಗುತ್ತಿದ್ದರು. ಅವರ ಕಣ್ಣಿಗೆ ಬೀಳುತ್ತಿದ್ದುದು ಗೋಲು ಮಾತ್ರ.

ಅಲ್ಲೊಂದು ಪದ್ಧತಿಯಿದೆ. ಗೋಲಾದಾಗ ಮೈಕಿನಲ್ಲಿ ಮೊದಲು ಹೊಡೆದವನ ಹೆಸರು ಕೂಗುತ್ತಾರೆ, ಆಮೇಲೆ ಒದಗಿಸಿದವನ ಹೆಸರು. ಮೊದಲ ಹೆಸರು ಕಿವಿಗೆ ಬಿದ್ದದ್ದೇ ತಡ, ಜನ ಎದ್ದುನಿಂತು ಅಬ್ಬರಿಸುತ್ತಿದ್ದರು. ಎರಡನೆಯದು ಆ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ಪಾಪ, ಒಮ್ಮೆ ಆಟ ನೋಡಲು ಬಂದ ಒದಗಿಸುವವನ ಹೆಂಡತಿಗೂ ಕೇಳಿಸಲಿಲ್ಲ. ಅವನು ಬೇಸರಪಡಲಿಲ್ಲ. ಗೆಳೆಯನಿಗೆ ಗೊತ್ತಿದೆಯಲ್ಲ, ಅಷ್ಟು ಸಾಕು ಎಂದುಕೊಂಡ.

ವರ್ಷಗಳು ಕಳೆದವು. ಇವನು ಹೊಡೆದ ಗೋಲುಗಳು ತೀರ ಕಡಿಮೆ ಎಂದು ತಂಡದ ಯಜಮಾನ ಇವನನ್ನು ಕೈಬಿಟ್ಟ. ಗೆಳೆಯ ತಂಡದಲ್ಲೇ ಉಳಿದ. ಆದರೆ ಅವನ ಗೋಲುಗಳು ನಿಂತುಹೋದವು. ಎಂದಿನ ಜಾಗಕ್ಕೆ ಹೋಗಿ ಕೋಲು ಒಡ್ಡಿ ನಿಲ್ಲುತ್ತಿದ್ದ, ಬಿಲ್ಲೆ ಬರುತ್ತಿರಲಿಲ್ಲ. ಬಂದರೂ ತಡವಾಗಿ ಬರುತ್ತಿತ್ತು. ತೋಳಿನ ಕಸುವು ಹೋಯಿತೆಂದು ಜನ ಆಡಿಕೊಂಡರು. ಅವನೂ ಅದನ್ನೇ ನಂಬಿದ. ದಿನವಿಡೀ ಹೊಡೆದು ಹೊಡೆದು ಅಂಗೈಯಲ್ಲಿ ಬೊಬ್ಬೆ ಬರಿಸಿಕೊಂಡ.

ಕೊನೆಗೊಂದು ದಿನ ಅವನು ಹಳೆಯ ಗೆಳೆಯನ ಮನೆಗೆ ಬಂದ.

"ನನ್ನ ಏಟು ನಿನಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಎಲ್ಲಿ ಕೆಟ್ಟಿದೆ, ಸ್ವಲ್ಪ ನೋಡಿ ಹೇಳಪ್ಪ" ಎಂದ.

ಒದಗಿಸುವವನ ಎದೆ ಹಿಗ್ಗಿತು. ನೀನಿಲ್ಲದ್ದೇ ಕಾರಣ ಎಂಬ ಮಾತು ಇವತ್ತು ಗೆಳೆಯನ ಬಾಯಿಂದ ಬಂದೇ ಬರುತ್ತದೆ ಎಂದುಕೊಂಡ. ಇಬ್ಬರೂ ಹೆಪ್ಪುಗಟ್ಟಿದ ಕೆರೆಗೆ ಹೋದರು. ಗೆಳೆಯ ಹೊಡೆದ, ಇವನು ನೋಡಿದ.

"ನಿನ್ನ ಏಟಿಗೆ ಏನೂ ಆಗಿಲ್ಲ" ಎಂದು ಹೇಳಿ, ಗೆಳೆಯನ ಮುಖವನ್ನೇ ನೋಡುತ್ತ ನಿಂತ.

ಗೆಳೆಯ ಯೋಚಿಸಿದ. ಯೋಚಿಸಿ, "ಹಾಗಾದರೆ ಕೋಲೇ ಸರಿಯಿಲ್ಲ, ಬೇರೆ ತರಬೇಕು" ಎಂದು ಹೊರಟುಹೋದ.

ತಂಡದಿಂದ ತೆಗೆದ ದಿನವೂ ಅಳದಿದ್ದವನು ಅಂದು ಆ ಕೆರೆಯ ದಡದಲ್ಲಿ ಕುಳಿತು ಅತ್ತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಏಟಿನಲ್ಲೂ ಇಲ್ಲ, ಕೋಲಿನಲ್ಲೂ ಇಲ್ಲ, ನಾನಿಲ್ಲದ್ದೇ ಕಾರಣ ಎಂದು ಅವನು ಬಾಯಿಬಿಟ್ಟು ಹೇಳಬಹುದಿತ್ತಲ್ಲ, ಬುದ್ಧಿ?"

"ಜೀವಮಾನವೆಲ್ಲ ಗೆಳೆಯನಿಗೆ ಒದಗಿಸಿದವನು, ಮರಿ, ಅದೊಂದು ಮಾತನ್ನು ಗೆಳೆಯ ತನಗೆ ಒದಗಿಸಲಿ ಎಂದು ಕಾದಿದ್ದ" ಎಂದರು ಗುರುಗಳು.