ಪರದೆಯ ಮೇಲೆ ಬಿದ್ದ ಅಪವಾದ

ಫಿಲೋಮಿನಾ ಟೀಚರ ಕಂಪ್ಯೂಟರಿನಲ್ಲಿ ಇಮೇಲ್ ಪೆಟ್ಟಿಗೆಗೆ ಒಬ್ಬ ಕಾವಲುಗಾರನಿದ್ದ. ಹಿಂದೊಮ್ಮೆ ಚಿತ್ರದ ವೇಷದಲ್ಲಿ ಬಂದ ಗೂಢಚಾರನೊಬ್ಬ ಅವನನ್ನು ಏಮಾರಿಸಿ, ಟೀಚರ ಸುದ್ದಿಯನ್ನೆಲ್ಲ ಹೊರಗೆ ಮುಟ್ಟಿಸಿದ್ದ. ಅಂದಿನಿಂದ ಕಾವಲುಗಾರ ಯಾವ ಚಿತ್ರವನ್ನೂ ಒಳಗೆ ಬಿಡುತ್ತಿರಲಿಲ್ಲ.

ಒಂದು ದಿನ, ಆರು ವರ್ಷದಿಂದ ಮಾತು ಬಿಟ್ಟಿದ್ದ ತಂಗಿಯ ಪತ್ರ ಬಂತು. "ನನ್ನ ಮಗುವಿನ ಮುಖ ನೋಡಕ್ಕ, ನಿನ್ನದೇ ಮೂಗು" ಎಂದು ಬರೆದಿತ್ತು. ಅದರ ಕೆಳಗೆ ಬರೀ ಖಾಲಿ ಚೌಕ. ಟೀಚರು ಪರದೆಯನ್ನು ಒರೆಸಿದರು, ಕಂಪ್ಯೂಟರನ್ನು ಆರಿಸಿ ಹಚ್ಚಿದರು, ಮತ್ತೆ ಒರೆಸಿದರು.

"ಅಣ್ಣಾ, ನನ್ನಲ್ಲೇನಾದರೂ ದೋಷವಿದೆಯೇ?" ಎಂದು ಪರದೆ ಕಾವಲುಗಾರನನ್ನು ಕೇಳಿತು.

ಚಿತ್ರವನ್ನು ಹೊರಗೆ ನಿಲ್ಲಿಸಿದವನು ತಾನೇ ಎಂದು ಕಾವಲುಗಾರನಿಗೆ ಗೊತ್ತಿತ್ತು. ಆದರೂ ಟೀಚರ ಬೈಗುಳಕ್ಕೆ ಹೆದರಿ, "ವಯಸ್ಸಾಯಿತಲ್ಲ, ಇದ್ದರೂ ಇದ್ದೀತು" ಎಂದುಬಿಟ್ಟ.

"ಈ ಪರದೆಯ ಆಯಸ್ಸು ಮುಗಿಯಿತು, ಗುಜರಿಗೆ ಹಾಕಬೇಕು" ಎನ್ನುತ್ತ ಟೀಚರು ವೈರ್ ಕೀಳಲು ಕೈ ಹಾಕಿದರು. ಪರದೆ ವಾದಿಸಲಿಲ್ಲ. "ಹೋಗುವ ಮೊದಲು ಟೀಚರಮ್ಮನಿಗೆ ಆ ಮುಖವೊಂದನ್ನು ತೋರಿಸಲಾಗಲಿಲ್ಲವಲ್ಲ" ಎಂದಷ್ಟೇ ಹೇಳಿತು.

ಆ ಮಾತು ಕೇಳಿ ಕಾವಲುಗಾರನಿಗೆ ನಿಂತ ನೆಲ ಸುಟ್ಟಂತಾಯಿತು. ಅವನು ಅವಸರದಿಂದ ಪತ್ರದ ನೆತ್ತಿಯ ಮೇಲೆ ಬರೆದ: "ಚಿತ್ರವನ್ನು ತಡೆದವನು ನಾನು. ನೋಡಬೇಕಾದರೆ ಇಲ್ಲಿ ಒತ್ತಿ."

ಟೀಚರು ಒತ್ತಿದರು. ಬೊಚ್ಚುಬಾಯಿ ಬಿಟ್ಟು ನಗುವ ಮಗು ಕಾಣಿಸಿತು. ಟೀಚರು ವೈರನ್ನು ಬಿಟ್ಟು ಕಣ್ಣೊರೆಸಿಕೊಂಡರು.

ಕಾವಲುಗಾರ ತಲೆ ತಗ್ಗಿಸಿ, ಪರದೆಯ ಬೈಗುಳಕ್ಕೆ ಕಾದು ನಿಂತ. ಪರದೆ ಬೈಯಲಿಲ್ಲ. "ಮಗು ಮುದ್ದಾಗಿದೆಯಣ್ಣ, ನೀನೂ ನೋಡು ಬಾ" ಎಂದು ಕರೆಯಿತು. ಅವನಿಗೆ ತಲೆ ಎತ್ತಲಾಗಲಿಲ್ಲ.